ಕೀಲೆಣ್ಣೆ ಕುಡಿದ ಚಕ್ರಗಳು

ನೀರು ಬರುತ್ತದೆಂದು ಊರಿಗೆ ಊರೇ ಹಿಗ್ಗುತ್ತಿದ್ದಾಗ ಆ ನೀರಿಗೆ ಶಾಪ ಹಾಕುತ್ತಿದ್ದವರು ನಾವು ಮೂವರೇ. ಹೊಸದುರ್ಗ ತಾಲ್ಲೂಕಿನ ಒಂದು ಕೆರೆಯ ಅಂಗಳದ ನಟ್ಟನಡುವೆ, ಹೂಳಿನಲ್ಲಿ ಎಡಗಡೆ ವಾಲಿಕೊಂಡು ಒಂದು ಹಳೇ ಚೈನ್ ಡೋಜರು ನಿಂತಿತ್ತು. ಹೂಳು ತಳ್ಳಲು ಬಂದದ್ದು, ಎಡಬದಿಯ ಚಕ್ರಗಳು ಹಿಡಿದುಕೊಂಡು ಅಲ್ಲೇ ಉಳಿದಿತ್ತು. ಮೇಲಿನ ಊರಿನ ಕೆರೆ ಇವತ್ತೋ ನಾಳೆಯೋ ಕೋಡಿ ಬೀಳುವ ಹಾಗಿತ್ತು. ಅದು ಕೋಡಿ ಬಿದ್ದರೆ ಹಳ್ಳ ಹಿಡಿದು ಬರುವ ನೀರೆಲ್ಲ ನೇರ ಈ ಅಂಗಳಕ್ಕೇ. ಅಷ್ಟರೊಳಗೆ ಹಳೇ ಚಕ್ರ ಬಿಚ್ಚಿ, ಬೇರೆ ಚಕ್ರ ಕೂರಿಸಿ, ಡೋಜರನ್ನು ಏರಿ ಹತ್ತಿಸಬೇಕಿತ್ತು.

ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಗೆ ನನ್ನದೊಂದು ಶೆಡ್ಡಿದೆ. ಚೈನ್ ಗಾಡಿಗಳ ಕೆಳಭಾಗದ ಕೆಲಸ ಬಿಟ್ಟು ಬೇರೆ ಮಾಡುವುದಿಲ್ಲ. ಡೋಜರಿನ ಮಾಲೀಕ ಹೊಳಲ್ಕೆರೆಯವನು. ಅವನೇ ಫೋನು ಮಾಡಿದ. "ಎರಡು ಚಕ್ರ ಹಿಡ್ಕಂಡವೆ ಮೇಸ್ತ್ರಿ, ಅಷ್ಟೆ. ನೀವು ಹೋಗಿ ಸುತ್ತಿಗೇಲಿ ಎರಡೇಟು ಕೊಟ್ರೆ ಬಿಟ್ಕಂತವೆ" ಅಂದ.

ನನ್ನ ಮೈ ಉರಿಯುವುದು ಇಂಥ ಮಾತಿಗೇ. ಸುತ್ತಿಗೆಯ ಏಟಿಗೆ ಬಿಡುವುದಾದರೆ ನನ್ನನ್ನು ಯಾಕೆ ಕರೆಯುತ್ತೀಯ, ನೀನೇ ಹೋಗಿ ಕೊಡು ಅನ್ನಬೇಕೆನಿಸಿತು. ಅನ್ನಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿದೆ ಅಂತ ನನ್ನ ಹೆಂಡತಿ ನನಗೆ ಹೇಳುತ್ತಲೇ ಇರುತ್ತಾಳೆ. ಮೂಗಿಗಿಂತ ಒಂದು ಗೇಣು ಮುಂದೇ ಇದೆ ಅನ್ನುವುದು ನನ್ನ ಷಡ್ಡಕನ ಮಾತು. ಈ ಷಡ್ಡಕ ನನ್ನ ಜೊತೆಗೇ ಕೆಲಸ ಮಾಡುತ್ತಾನೆ. ಗ್ಯಾಸ್ ಕಟಿಂಗು, ವೆಲ್ಡಿಂಗು ಅವನದು. ಲಗೇಜ್ ಆಟೋದಲ್ಲಿ ಜಾಕು, ಮರದ ದಿಮ್ಮಿ, ಸಮ್ಮಟಿಗೆ, ಗೇರ್ ಎಣ್ಣೆಯ ಕ್ಯಾನು ಹೇರಿಕೊಂಡು ಇಬ್ಬರೂ ಹೊರಟೆವು.

ಚೈನ್ ಗಾಡಿಯ ಕಾಲು ಹೇಗಿರುತ್ತದೆ ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದಕ್ಕೆ ಟೈರಿಲ್ಲ. ಹಿಂದೆ ಹಲ್ಲಿನ ಚಕ್ರ, ಮುಂದೆ ಒಂದು ದೊಡ್ಡ ಗಾಲಿ, ಎರಡನ್ನೂ ಸುತ್ತಿದ ಕಬ್ಬಿಣದ ಚೈನು. ನಡುವೆ, ಚೈನಿನ ಮೇಲೆ ಉರುಳುವ ಹಾಗೆ ಬದಿಗೆ ಐದೈದು ಕುಳ್ಳು ಚಕ್ರಗಳು. ಇವಕ್ಕೆ ರೋಲರು ಅನ್ನುತ್ತೇವೆ. ಗಾಡಿಯ ಭಾರವನ್ನೆಲ್ಲ ಹೊರುವುದು ಇವೇ. ಚೈನು ಪಕ್ಕಕ್ಕೆ ಜಾರದ ಹಾಗೆ ತಡೆಯುವ ಅಂಚು ಕೆಲವು ರೋಲರಿಗೆ ಒಂಟಿ ಸಾಲು, ಕೆಲವಕ್ಕೆ ಜೋಡಿ ಸಾಲು. ಪ್ರತಿ ರೋಲರಿನ ಹೊಟ್ಟೆಯೊಳಗೂ ತೊಂಬತ್ತರ ನಂಬರಿನ ಗೇರ್ ಎಣ್ಣೆ ಇರಬೇಕು. ಎಣ್ಣೆ ಮುಗಿದರೆ ಒಳಗಿನ ಬುಷ್ ತಿಂದುಹೋಗುತ್ತದೆ, ರೋಲರು ತಿರುಗುವುದನ್ನು ನಿಲ್ಲಿಸುತ್ತದೆ, ಆಮೇಲೆ ಚೈನು ಅದರ ಮೇಲೆ ಉಜ್ಜಿ ಉಜ್ಜಿ ಅದನ್ನು ಒಂದೇ ಕಡೆ ಚಪ್ಪಟೆ ಮಾಡುತ್ತದೆ.

ಅಲ್ಲಿ ಹೋಗಿ ಮಲಗಿ ಟಾರ್ಚು ಬಿಟ್ಟು ನೋಡಿದರೆ ಎರಡಲ್ಲ, ಎಡಗಡೆಯ ಐದಕ್ಕೆ ಐದೂ ಹಿಡಿದಿದ್ದವು. ನಡುವಿನ ಮೂರಂತೂ ಇಟ್ಟಿಗೆಯ ಹಾಗೆ ಚಪ್ಪಟೆಯಾಗಿದ್ದವು. ಫೋನಿನಲ್ಲೇ ಮಾಲೀಕನಿಗೆ ಹೇಳಿದೆ, ರೋಲರ್ ಕಳಿಸಿ ಅಂತ. "ಹಿರಿಯೂರಲ್ಲಿ ಗುಜರಿಯವನು ಗೊತ್ತು, ನಾಳೇನೇ ಕಳಿಸ್ತೀನಿ" ಅಂದ. ಮೊದಲನೇದು, ಕೊನೇದು ಒಂಟಿ ಅಂಚಿನವು ಆಗಬೇಕು, ನಡುವೆ ಜೋಡಿ ಅಂಚಿನವು ನಡೆಯುತ್ತವೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. "ಆತು ಆತು" ಅಂದ.

ಡೋಜರಿನ ಡ್ರೈವರು ಅಷ್ಟೊತ್ತೂ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು, ಕುರಿ ಕಾಯುವ ಮನೆತನ. ಅವನ ತಮ್ಮಂದಿರ ಕುರಿಗಳು ಆಗ ಅದೇ ಅಂಗಳದ ಆ ತುದಿಯಲ್ಲಿ ಮೇಯುತ್ತಿದ್ದವು. ಅವನೊಬ್ಬ ಮಾತ್ರ ಮೀಸೆ ಮೂಡುವ ಕಾಲಕ್ಕೇ ಕುರಿ ಬಿಟ್ಟು ಈ ಡೋಜರು ಹತ್ತಿದವನು, ಇಳಿದೇ ಇಲ್ಲ. ನಾನು ಡ್ರೈವರಣ್ಣ ಅಂದೇ ಕರೆದೆ.

"ಇದು ಮುಳುಗಿದ್ರೆ ನನ್ ಕತೆ ಮುಗೀತು ಮೇಸ್ತ್ರಿ" ಅಂದ. "ಈಗಿನ ಹೊಸ ಗಾಡಿ ನನಗ್ಯಾರು ಕೊಡ್ತಾರೆ? ಅವಕ್ಕೆಲ್ಲ ಬೆರಳಾಗೆ ಆಡಿಸೋ ಹುಡುಗ್ರು ಬೇಕು. ನನಗೆ ಈ ಸನಿಕೋಲು ಎಳೆಯೋದು ಬಿಟ್ರೆ ಏನ್ ಬತ್ತೈತೆ?"

ಸನಿಕೋಲು ಅಂದದ್ದು ಲಿವರಿಗೆ. ನೀರಿನ ವಿಚಾರಕ್ಕೆ ನಾವು ಕೆರೆ ಸಮಿತಿಯ ಮೆಂಬರಮ್ಮನ ಹತ್ತಿರ ಹೋದೆವು. ಗಟ್ಟಿ ಹೆಂಗಸು. ಏರಿಯ ಮೇಲೆ ನಿಂತು ತೂಬಿನ ಕೆಲಸ ಮಾಡಿಸುತ್ತಿದ್ದಳು. ಎರಡು ದಿನ ಹಳ್ಳದ ನೀರನ್ನು ಬೇರೆ ಕಡೆ ತಿರುಗಿಸಲು ಆಗುತ್ತದೆಯೇ ಎಂದು ನಾನು ಬಾಯಿ ತೆರೆಯುವ ಮೊದಲೇ ಆಕೆ, "ಬರ್ರಿ, ಕುಂತ್ಕಳ್ರಿ, ನೀರು ಕುಡೀರಿ. ನೀರು ನಿಲ್ಸು ಅಂತ ಮಾತ್ರ ಕೇಳ್ಬ್ಯಾಡ್ರಿ" ಅಂದಳು. ತಪ್ಪೇನಿದೆ ಅವಳದು? ಒಣಗಿದ ಕೆರೆಗೆ ಬರುವ ನೀರನ್ನು ಒಂದು ತುಕ್ಕು ಕಬ್ಬಿಣಕ್ಕಾಗಿ ಯಾರು ನಿಲ್ಲಿಸುತ್ತಾರೆ? ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲವಲ್ಲ ಅಂತ ಇನ್ನಷ್ಟು ಸಿಟ್ಟು ಬಂತು.

ಕೆಲಸ ಹಿಡಿದೆವು. ಮುಂದಿನ ಬ್ಲೇಡನ್ನು ನೆಲಕ್ಕೆ ಒತ್ತಿದರೆ ಮುಂಭಾಗ ತಾನೇ ಏಳುತ್ತದೆ, ಅದು ಸುಲಭ. ಹಿಂಭಾಗಕ್ಕೆ ಜಾಕು ಕೊಡಬೇಕು. ಕೆರೆಯ ಗೋಡುಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಮೊಣಕಾಲಷ್ಟು ಕೆಳಗೆ ಬೆಣ್ಣೆ. ಜಾಕು ಇಟ್ಟು ಒತ್ತಿದರೆ ಗಾಡಿ ಏಳುವ ಬದಲು ಜಾಕೇ ಇಳಿಯುತ್ತಿತ್ತು. ಏರಿಯ ಬುಡದಲ್ಲಿ ಬಿದ್ದಿದ್ದ ಕಲ್ಲು ಚಪ್ಪಡಿಗಳನ್ನು ಊರಿನ ನಾಲ್ಕಾರು ಜನ ಸನಿಕೆ, ಹಾರೆ ಹಾಕಿ ಉರುಳಿಸಿ ತಂದುಕೊಟ್ಟರು. ಚಪ್ಪಡಿಯ ಮೇಲೆ ಜಾಕು, ಪಕ್ಕದಲ್ಲಿ ಅಡ್ಡಡ್ಡ ಉದ್ದುದ್ದ ದಿಮ್ಮಿಗಳ ಅಟ್ಟಣೆ. ಜಾಕು ಎತ್ತಿದಷ್ಟೂ ಅಟ್ಟಣೆಗೆ ಒಂದೊಂದು ಮರ ಸೇರಿಸುತ್ತಾ ಹೋಗಬೇಕು.

"ಇಷ್ಟೆಲ್ಲ ಕಟ್ಟೋ ಹೊತ್ತಿಗೆ ಒಂದು ರೋಲರ್ ಬಿಚ್ಬೋದಿತ್ತು ಕಣಪ್ಪ" ಅಂತ ಷಡ್ಡಕ ಗೊಣಗಿದ.

"ಕೆಳಗೆ ಮಲಗೋನು ನಾನು. ನಿನಗೇನು?" ಅಂದೆ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಚೈನು ಸಡಿಲ ಮಾಡಲು ಈ ಹಳೇ ಗಾಡಿಗೆ ಗ್ರೀಸಿನ ವ್ಯವಸ್ಥೆ ಇಲ್ಲ, ಮುಂದಿನ ಗಾಲಿಗೆ ತೋಳಿನಷ್ಟು ದಪ್ಪದ ತಿರುಪು ಇದೆ. ಅದು ತುಕ್ಕು ಹಿಡಿದು ದೇವರಾಣೆಗೂ ಅಲ್ಲಾಡಲಿಲ್ಲ. ಗ್ಯಾಸ್ ಹಿಡಿದು ಕಾಯಿಸಿದರೂ ಇಲ್ಲ, ಪೈಪು ತೊಡಿಸಿ ಮೂವರೂ ಜೋತುಬಿದ್ದರೂ ಇಲ್ಲ. ಕೊನೆಗೆ ಚೈನನ್ನೇ ಬಿಚ್ಚಬೇಕಾಯಿತು. ಚೈನಿನ ಎರಡು ತುದಿಗಳನ್ನು ಹಿಡಿದಿಡುವುದು ಒಂದೇ ಒಂದು ಪಿನ್ನು, ಮಾಸ್ಟರ್ ಪಿನ್ನು. ಗೇಣುದ್ದಕ್ಕಿಂತ ಚೂರು ಹೆಚ್ಚು, ಪೇಟೆಯಲ್ಲಿ ಈಗ ಸಿಗುವುದಿಲ್ಲ. ಷಡ್ಡಕ ದಬ್ಬುವ ಸರಳು ಹಿಡಿದ, ನಾನು ಸಮ್ಮಟಿಗೆ ಬೀಸಿದೆ. ಮಧ್ಯಾಹ್ನದಿಂದ ಬಡಿದು ಬಡಿದು ಅದು ಹೊರಗೆ ಬಿದ್ದಾಗ ಕೈ ಬೊಬ್ಬೆ ಬಂದಿತ್ತು. ಚೈನು ಸದ್ದು ಮಾಡುತ್ತ ಹಾವಿನ ಹಾಗೆ ನೆಲಕ್ಕೆ ಒರಗಿತು.

ಆಮೇಲೆ ಗಾಡಿಯ ಕೆಳಗೆ ಅಂಗಾತ ಮಲಗಿ ರೋಲರಿನ ಬೋಲ್ಟುಗಳು. ಒಂದೊಂದಕ್ಕೆ ನಾಲ್ಕು. ಮಣ್ಣು ಕೆರೆದು, ಡೀಸೆಲ್ ಸುರಿದು, ಸ್ಪಾನರ್ ಕೂರಿಸಿ ಎಳೆದರೆ ಕಣ್ಣಿಗೆ, ಬಾಯಿಗೆ ಗೋಡುಮಣ್ಣು. ಮೊದಲನೇ ರೋಲರು ಕಳಚಿ ಚೈನಿನ ಮೇಲೆ ದಬಕ್ಕನೆ ಬಿತ್ತು. ಹಾರೆ ಹಾಕಿ ಹೊರಗೆ ಮೀಟಿದೆವು. ಒಳಗೆ ಎಷ್ಟು ಸವೆದಿದೆ ನೋಡೋಣವೆಂದು ಎಣ್ಣೆ ತುಂಬುವ ಬಿರಡೆ ತೆಗೆದೆ.

ಎಣ್ಣೆ ಬರಲಿಲ್ಲ. ಕರ್ರಗಿನ ಗಟ್ಟಿ ಅಂಟು ಬಂತು. ಬೆರಳಲ್ಲಿ ತಿಕ್ಕಿದರೆ ಒಳಗೆ ಮರಳು ಮರಳಾಗಿ ಕರಿ. ಮೂಗಿಗೆ ಹಿಡಿದೆ. ಹರಳೆಣ್ಣೆ, ಸುಟ್ಟ ಹುಲ್ಲು. ನಮ್ಮ ತಾತನ ಎತ್ತಿನಗಾಡಿಯ ಅಚ್ಚಿನ ವಾಸನೆ ಅದು. ಮರೆಯುವುದಕ್ಕಾಗುತ್ತದೆಯೇ? ಕೀಲೆಣ್ಣೆ! ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಅರೆದು ಮರದ ಗಾಲಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯನ್ನು ಯಾವನೋ ಡೋಜರಿನ ರೋಲರಿಗೆ ತುಂಬಿದ್ದ. ಎರಡನೇದು ಬಿಚ್ಚಿದೆ, ಅದರಲ್ಲೂ ಅದೇ. ಆ ಕರಿಯೇ ಬುಷ್ಷನ್ನು ಸಾಣೆಕಲ್ಲಿನ ಹಾಗೆ ತಿಂದಿತ್ತು.

"ಯಾರು ಹಾಕಿದ್ದು ಇದನ್ನ?" ಅಂದೆ.

ಡ್ರೈವರು ಮುಖ ಅರಳಿಸಿಕೊಂಡು ಮುಂದೆ ಬಂದ. "ನಾನೇ ಮೇಸ್ತ್ರಿ. ಎಡಗಡೇವು ಎಣ್ಣೆ ಸೋರ್ತಿದ್ವು, ಅಮಾಸೆ ಅಮಾಸೆಗೆ ತಪ್ಪದೆ ಹಾಕೀನಿ. ನಮ್ ಹೊಲದ್ದೇ ಹರಳು." ಸೀಟಿನ ಕೆಳಗಿಂದ ಒಂದು ಡಬ್ಬಿಯನ್ನೂ ಬಿದಿರಿನ ಗೊಟ್ಟವನ್ನೂ ತೆಗೆದು ತೋರಿಸಿದ. ಕಾಯಿಲೆ ಬಿದ್ದ ಕುರಿಯ ಬಾಯಿ ತೆರೆಸಿ ಔಷಧಿ ಹೊಯ್ಯುತ್ತಾರಲ್ಲ, ಆ ಗೊಟ್ಟ. ಅದರಲ್ಲಿ ರೋಲರಿಗೆ ಕೀಲೆಣ್ಣೆ ಕುಡಿಸುತ್ತಿದ್ದನಂತೆ.

ನನ್ನ ಪಿತ್ತ ನೆತ್ತಿಗೇರಿತು. ಬೆಳಗಿನಿಂದ ನುಂಗಿದ ಗೋಡುಮಣ್ಣು, ಬೊಬ್ಬೆ, ಮಾಲೀಕನ ಎರಡೇಟಿನ ಮಾತು, ಬರುತ್ತಿರುವ ನೀರು ಎಲ್ಲ ಸೇರಿ ಅವನ ಮೇಲೆ ಬಿತ್ತು. "ಲೇ, ಇದೇನು ನಿಮ್ಮಪ್ಪನ ಎತ್ತಿನಗಾಡಿ ಅಂದ್ಕೊಂಡ್ಯೇನೋ? ಕುರಿ ಕಾಯೋನಿಗೆ ಡೋಜರ್ ಕೊಟ್ಟೋನಿಗೆ ಬುದ್ಧಿ ಇಲ್ಲ. ನಿನ್ನ ಕೈಯಾರೆ ಇದನ್ನ ಕೊಂದಿದೀಯ, ನಿನ್ನ ಅನ್ನ ನೀನೇ ಕಲಸಿ ಮಣ್ಣಿಗೆ ಹಾಕಿದೀಯ ಕಣೋ" ಅಂದೆ. ಚಪ್ಪಡಿ ಉರುಳಿಸಿದವರು, ಏರಿಯಿಂದ ಇಳಿದು ಬಂದ ಹೆಂಗಸರು, ಅವನ ತಮ್ಮಂದಿರು, ಸುಮಾರು ಅರ್ಧ ಊರು ಅಲ್ಲಿತ್ತು. ಅವನು ಡಬ್ಬಿಯ ಮುಚ್ಚಳ ಹಾಕಿ, ಗೊಟ್ಟವನ್ನು ಟವಲಿನಲ್ಲಿ ಒರೆಸಿ, ಎರಡನ್ನೂ ಮತ್ತೆ ಸೀಟಿನ ಕೆಳಗಿಟ್ಟ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಅದೇ ಬಿಸಿಯಲ್ಲಿ ಮಾಲೀಕನಿಗೆ ಫೋನು ಹಚ್ಚಿ, ನಿಮ್ಮ ಡ್ರೈವರು ಏನು ಮಾಡಿದ್ದಾನೆ ಗೊತ್ತೇ ಎಂದು ಎಲ್ಲ ಒದರಿದೆ. "ಓಹೋ. ಹಂಗಾ ಸಮಾಚಾರ. ಆತು ಬಿಡ್ರಿ, ನಾನು ನೋಡ್ಕಂತೀನಿ" ಅಂದ. ಅವನ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ಸಂಜೆ ಚಹಾ ತಂದ ಮೆಂಬರಮ್ಮ ಲೋಟ ನನ್ನ ಕೈಗೆ ಕೊಟ್ಟು ಅಲ್ಲೇ ನಿಂತಳು. "ಮೇಸ್ತ್ರಿ, ನಿಮಗೆ ಗೊತ್ತಿಲ್ಲ ಅಂತ ಹೇಳ್ತೀನಿ. ಎಣ್ಣೆ ಕಳ್ಸಿ ಅಂತ ಈ ಡ್ರೈವರಣ್ಣ ನಮ್ಮನೆ ಜಗಲಿ ಮ್ಯಾಲೆ ಕುಂತು ಫೋನ್ ಮಾಡಿದ್ದ ನಾನೇ ಕೇಳೀನಿ. ಒಂದ್ಸಲ ಅಲ್ಲ. ಆ ಕಡೆಯಿಂದ ಮುಂದಿನ ತಿಂಗ್ಳು ನೋಡಾಣ, ಮುಂದಿನ ತಿಂಗ್ಳು ನೋಡಾಣ. ಎಣ್ಣೆ ಇಲ್ದೆ ಓಡ್ಸು ಅಂದ್ರೆ ಇವ್ರು ಏನ್ ಮಾಡ್ಬೇಕಿತ್ತು?"

ನಾನು ಚಹಾ ಕುಡಿದೆ. ಗೊತ್ತಿಲ್ಲದೆ ಮಾಡಿದರೂ ಕೆಟ್ಟದ್ದು ಕೆಟ್ಟದ್ದೇ, ರೋಲರಿಗೆ ಕರಿ ಹಾಕಬಾರದು, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಕೆಲಸ ನಾನು ಮಾಡಿದ್ದೆ. ಬರೆ ಬೀಳಬೇಕಾದ ಬೆನ್ನು ಹೊಳಲ್ಕೆರೆಯಲ್ಲಿ ತಣ್ಣಗೆ ಕೂತಿತ್ತು. ಡ್ರೈವರು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಕೇಳಿದ ಸ್ಪಾನರು ಕೊಡುತ್ತಿದ್ದ, ಹಾರೆ ಹಾಕುತ್ತಿದ್ದ, ಅಷ್ಟೆ.

ಮರುದಿನ ಹಿರಿಯೂರಿನಿಂದ ರೋಲರು ಬಂದವು. ಮುಚ್ಚಿದ್ದ ಗೋಣಿತಾಟು ಸರಿಸಿ ನೋಡಿದರೆ ಐದೂ ಜೋಡಿ ಅಂಚಿನವು. ಒಂಟಿ ಅಂಚಿನದು ಒಂದೂ ಇಲ್ಲ. ಜೋಡಿ ಅಂಚಿನ ರೋಲರನ್ನು ಕೊನೆಯಲ್ಲಿ ಕೂರಿಸಿದರೆ ಅದರ ಒಳ ಅಂಚು ಹಿಂದಿನ ಹಲ್ಲಿನ ಚಕ್ರಕ್ಕೆ ತಾಗುತ್ತದೆ, ಮುಂದೆ ಕೂರಿಸಿದರೆ ದೊಡ್ಡ ಗಾಲಿಗೆ ತಾಗುತ್ತದೆ. ಗಾಡಿ ಒಂದು ಮಾರೂ ಹೋಗುವುದಿಲ್ಲ. ಫೋನು ಮಾಡಿದೆ.

"ಚಕ್ರ ಅಂದ್ರೆ ಚಕ್ರಾನೇ ಅಲ್ವೇನ್ರಿ" ಅಂದ ಮಾಲೀಕ.

"ನಿಮ್ಮ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕ್ಕೊಂಡು ಇಲ್ಲಿಗೆ ಬರ್ರಿ, ಆಮೇಲೆ ಮಾತಾಡಾಣ" ಅಂದೆ.

ಅವನು ನಕ್ಕ. ನಕ್ಕು, "ಹೋಗ್ಲಿ ಬಿಡ್ರಿ ಮೇಸ್ತ್ರಿ. ಅದನ್ನ ಎತ್ತೋದು ಬ್ಯಾಡ. ಇಂಜಿನ್ನು, ಪಂಪು ಎರಡೂ ಬಿಚ್ಕಂಡು ಬಂದ್ಬಿಡ್ರಿ. ಉಳಿದಿದ್ದು ನೀರಾಗೆ ಇರ್ಲಿ, ಬ್ಯಾಸಿಗೆಗೆ ಗುಜರಿಯವನು ಕೊಯ್ಕಂಡು ಹೋಗ್ತಾನೆ" ಅಂದ.

ಡ್ರೈವರು ಪಕ್ಕದಲ್ಲೇ ಇದ್ದ. ಫೋನಿನ ಮಾತು ಹೊರಗೆ ಕೇಳುತ್ತಿತ್ತು. ಅವನು ಹೋಗಿ ಡೋಜರಿನ ಬ್ಲೇಡಿಗೆ ಕೈ ಊರಿ ನಿಂತ. ಅದೇ ಹೊತ್ತಿಗೆ ಮೆಂಬರಮ್ಮ ಏರಿಯಿಂದ ಕೂಗಿದಳು, ಮೇಲಿನ ಕೆರೆ ಕೋಡಿ ಬಿತ್ತಂತೆ. ಯಾರೋ ಕಳಿಸಿದ ವಿಡಿಯೋ ಅವಳ ಮೊಬೈಲಿನಲ್ಲಿತ್ತು. ಕೋಡಿಯ ಮೇಲೆ ನೀರು, ನೀರಿನಲ್ಲಿ ಕುಣಿಯುವ ಜನ. ಹಳ್ಳದುದ್ದಕ್ಕೂ ಗುಂಡಿಗಳು ತುಂಬಿ ಬರಬೇಕು, ನಾಳೆ ಹೊತ್ತು ಏರುವಷ್ಟರಲ್ಲಿ ಇಲ್ಲಿರುತ್ತದೆ ಅಂದಳು.

"ನಮಗ್ಯಾಕಪ್ಪ? ಅವನ ಗಾಡಿ, ಅವನೇ ಬ್ಯಾಡ ಅಂತಾನೆ. ಇಂಜಿನ್ ಬಿಚ್ಚಾಣ, ಹೋಗಾಣ" ಅಂದ ಷಡ್ಡಕ.

ಇಂಜಿನ್ನು ಬಿಚ್ಚುವುದು ನಮಗೆ ಅರ್ಧ ದಿನದ ಕೆಲಸ. ಆದರೆ ಮಾಲೀಕನ ಆ ನಗು ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ಅವನು ನಗದಿದ್ದರೆ ನಾನು ಬಿಚ್ಚಿಕೊಂಡು ಬರುತ್ತಿದ್ದೆನೇನೋ, ಸುಳ್ಳು ಯಾಕೆ ಹೇಳಲಿ. "ಬಿಚ್ಚಲ್ಲ. ಇದು ತನ್ನ ಕಾಲ ಮೇಲೆ ತಾನೇ ಏರಿ ಹತ್ತಬೇಕು, ಅವನು ನೋಡಬೇಕು" ಅಂದೆ.

ಹಳೇ ಐದರಲ್ಲಿ ಮೊದಲನೇದೂ ಕೊನೇದೂ ಅಷ್ಟಾಗಿ ಚಪ್ಪಟೆಯಾಗಿರಲಿಲ್ಲ, ಒಳಗೆ ಅಂಟಿಗೆ ಕಚ್ಚಿಕೊಂಡಿದ್ದವು ಅಷ್ಟೆ. ಅವೇ ಒಂಟಿ ಅಂಚಿನವು. ಅವೆರಡನ್ನೂ ಹೇಗಾದರೂ ತಿರುಗಿಸಿ ತುದಿಗಳಿಗೆ ಕೂರಿಸುವುದು, ಬಂದ ಐದರಲ್ಲಿ ಚೆನ್ನಾಗಿರುವ ಮೂರನ್ನು ನಡುವೆ ಹಾಕುವುದು. ಇದು ನನ್ನ ಲೆಕ್ಕ. ಬಿರಡೆ ತೆಗೆದು ಬಿಸಿ ಡೀಸೆಲ್ ಹೊಯ್ದು ನೆನೆಸಿದೆವು. ಕರಿ ಕರಗಿ ಬಂದಷ್ಟೂ ಚೆಲ್ಲಿ ಮತ್ತೆ ಹೊಯ್ದೆವು. ಪೈಪ್ ಪಾನಾ ಹಾಕಿ ಡ್ರೈವರು ಒಂದು ಕಡೆ, ನಾನು ಒಂದು ಕಡೆ ಹಿಂದೆ ಮುಂದೆ ಆಡಿಸಿದೆವು. ಎದುರುಬದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ, ಒಂದೂ ಮಾತಿಲ್ಲದೆ. ಕೊನೆಗೆ ಕಿರ್ ಅನ್ನುತ್ತ ಎರಡೂ ತಿರುಗಿದವು.

ಬೆಳಿಗ್ಗೆ ನಡುವಿನ ಮೂರಕ್ಕೆ ಗೇರ್ ಎಣ್ಣೆ ತುಂಬಿ ಮೇಲೆ ಕೂರಿಸಿದೆವು. ಕ್ಯಾನಿನಲ್ಲಿ ಉಳಿದ ಎಣ್ಣೆ ಹಳೇ ಎರಡಕ್ಕೆ ಸರಿಯಾಗುತ್ತಿತ್ತು. ಮೂರನೇದರ ಕೊನೆಯ ಬೋಲ್ಟು ಬಿಗಿ ಮಾಡುತ್ತಿದ್ದೆ, ಜಾಕಿನ ಕೆಳಗಿನ ಚಪ್ಪಡಿ ಸದ್ದಿಲ್ಲದೆ ಓರೆಯಾಯಿತು. ಹಳ್ಳದ ನೀರು ಮೇಲೆ ಕಾಣುವ ಮೊದಲೇ ಗೋಡಿನ ಒಳಗೆ ಒಸರಿತ್ತು. "ಹೊರಗೆ ಬಾ" ಎಂದು ಷಡ್ಡಕ ಕೂಗಿದ್ದು, ಗಾಡಿಯ ಹಿಂಭಾಗ ಕುಸಿದದ್ದು ಒಟ್ಟಿಗೆ. ನಾನು ಕಣ್ಣು ಮುಚ್ಚಿದೆ. ಅಟ್ಟಣೆಯ ದಿಮ್ಮಿಗಳು ಕಟಕಟ ಅಂದವು, ಹಿಡಿದವು. ನನ್ನ ಎದೆಗೂ ಕಬ್ಬಿಣಕ್ಕೂ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು.

ಡ್ರೈವರು ನನ್ನ ಎರಡೂ ಕಾಲು ಹಿಡಿದು ಹೊರಗೆ ಎಳೆದ. ಹೊರಗೆ ಬಂದು ನೋಡಿದರೆ ಜಾಕು ಜಾರಿ ಎಣ್ಣೆಯ ಕ್ಯಾನನ್ನು ಅಪ್ಪಚ್ಚಿ ಮಾಡಿತ್ತು. ಉಳಿದಿದ್ದ ಎಣ್ಣೆಯನ್ನೆಲ್ಲ ಕೆರೆ ಕುಡಿದಿತ್ತು. ದಿಮ್ಮಿಯ ಬಗ್ಗೆ ಷಡ್ಡಕ ಆಮೇಲೆ ಗೊಣಗಿಲ್ಲ.

ಹೊಸದುರ್ಗಕ್ಕೆ ಹೋಗಿ ಎಣ್ಣೆ ತರುವಷ್ಟು ಹೊತ್ತು ಇರಲಿಲ್ಲ. ಅಂಗಳದ ಮೂಲೆಯಲ್ಲಿ ಕುರಿಗಳನ್ನು ಹೊಡೆದುಕೊಂಡು ಡ್ರೈವರನ ತಮ್ಮಂದಿರು ಏರಿಯ ಕಡೆ ಬರುತ್ತಿದ್ದರು. ಅವರ ಹಿಂದೆಯೇ ನೀರು, ಒಣಗಿದ ಎಲೆ, ನೊರೆ, ಪ್ಲಾಸ್ಟಿಕ್ಕು ತಳ್ಳಿಕೊಂಡು ಬಿರುಕುಗಳೊಳಗೆ ಇಳಿಯುತ್ತ, ತುಂಬಿ ಮತ್ತೆ ಮುಂದೆ ಸರಿಯುತ್ತ. ಏರಿಯ ಮೇಲೆ ಹೆಂಗಸರು ಆರತಿ ಹಿಡಿದಿದ್ದರು. ಎಣ್ಣೆಯಿಲ್ಲದೆ ಎರಡು ರೋಲರು ಕೂರಿಸಿದರೆ ಏರಿಯ ಅರ್ಧಕ್ಕೇ ಮತ್ತೆ ಕಚ್ಚುತ್ತವೆ. ಏರುವಾಗ ಭಾರ ಬೀಳುವುದೇ ಕೊನೆಯ ರೋಲರಿನ ಮೇಲೆ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಾರೆ. ಡ್ರೈವರನ ಮುಖ ನೋಡದೆ, "ಆ ಡಬ್ಬಿ ತಗೊಂಬರ್ರಿ" ಅಂದೆ.

ಅವನು ಕದಲಲಿಲ್ಲ. "ಯಾವ್ ಡಬ್ಬಿ?" ಅಂದ. ಒಂದು ದಿನದ ಮೇಲೆ ಅವನಾಡಿದ ಮೊದಲ ಮಾತು.

"ಕೀಲೆಣ್ಣೆ. ಗೊಟ್ಟಾನೂ ತರ್ರಿ."

ತಂದ. ಡಬ್ಬಿಯನ್ನು ಹಾಗೇ ಬಿಟ್ಟಿದ್ದರಿಂದ ಕರಿ ತಳಕ್ಕೆ ಕೂತು ಮೇಲೆ ತಿಳಿಯಾದ ಹರಳೆಣ್ಣೆ ನಿಂತಿತ್ತು. ಕಲಕಬೇಡಿ, ಮೇಲಿನದಷ್ಟೇ ಹಾಕಿ ಎಂದು ಹೇಳಿದೆ. ರೋಲರನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ಕುರಿಯ ದವಡೆ ಹಿಡಿದ ಹಾಗೆ ಒಂದು ಕೈ ಹಿಡಿದು, ಗೊಟ್ಟದ ತುದಿಯನ್ನು ತೂತಿಗೆ ಕೊಟ್ಟು ನಿಧಾನಕ್ಕೆ ಇಳಿಸಿದ. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ನಾನು ಬಿರಡೆ ತಿರುಪಿದೆ. ಎರಡೂ ಕೂತವು. ಜಾಕನ್ನು ಮತ್ತೆ ಊರಿ ಗಾಡಿ ಇಳಿಸಿ, ಚೈನಿನ ತುದಿಗಳನ್ನು ಹಾರೆಯಲ್ಲಿ ಎಳೆದು ಕೂಡಿಸಿ, ಮಾಸ್ಟರ್ ಪಿನ್ನು ಬಡಿಯುವ ಹೊತ್ತಿಗೆ ನೀರು ನಮ್ಮ ಮೀನಖಂಡ ಮುಟ್ಟಿತ್ತು.

ಡ್ರೈವರು ಹತ್ತಿದ. ಇಂಜಿನ್ನು ಕೆಮ್ಮಿ ಕಪ್ಪು ಹೊಗೆ ಬಿಟ್ಟಿತು. ಚೈನು ಕದಲಿತು. ಎಡಗಡೆಯಿಂದ ಎದೆ ಕೊಯ್ಯುವಂಥ ಕಿರುಚು ಬಂತು, ಆಮೇಲೆ ಸಣ್ಣಗಾಯಿತು. ನಾನು ಪಕ್ಕದಲ್ಲೇ ನೀರಿನಲ್ಲಿ ನಡೆಯುತ್ತ ಕೊನೆಯ ರೋಲರನ್ನೇ ನೋಡುತ್ತಿದ್ದೆ. ತಿರುಗುತ್ತಿತ್ತು. ಏರಿಯ ಇಳಿಜಾರಿನಲ್ಲಿ ಒಮ್ಮೆ ನಿಂತಿತು, ಅವನು ಲಿವರು ಎಳೆದು ಚೂರು ಹಿಂದೆ ಬಿಟ್ಟು ಮತ್ತೆ ಹಿಡಿದ, ಹತ್ತಿತು. ಮೇಲೆ ಜನ ಚಪ್ಪಾಳೆ ಹೊಡೆದದ್ದು ನೀರಿಗೋ ಡೋಜರಿಗೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಮಾಲೀಕ ಕಾರಿನಲ್ಲಿ ಬಂದ, ಹೂವಿನ ಹಾರ ತಂದಿದ್ದ. ಹಾರವನ್ನು ಡೋಜರಿಗೆ ಹಾಕಿ ಫೋಟೊ ತೆಗೆಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಡ್ರೈವರಿಗೆ, "ಚಕ್ರಕ್ಕೆ ಕೀಲೆಣ್ಣೆ ಹಾಕಿ ಹಾಳು ಮಾಡಿದ್ದು ನೀನಂತೆ. ಮೇಸ್ತ್ರಿನೇ ಹೇಳ್ಯಾರೆ. ಇನ್ಮೇಲೆ ಬರ್ಬ್ಯಾಡ. ಕೀ ಕ್ಯಾಬಿನ್ನಾಗೆ ಇಟ್ಟು ಹೋಗು" ಅಂದ.

ನನ್ನ ಮಾತನ್ನೇ ಮಚ್ಚು ಮಾಡಿ ಡ್ರೈವರನ ಕುತ್ತಿಗೆಗೆ ಹಾಕಿದ್ದ. ಫೋನಿನಲ್ಲಿ ಅವನು ಬೇಸರಪಡದೇ ಇದ್ದದ್ದು ಯಾಕೆ ಎಂದು ಆಗ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಷಡ್ಡಕನಿಗೆ ಸರಳು ಹಿಡಿ ಅಂದೆ. ಬೆಳಿಗ್ಗೆ ಬಡಿದ ಪಿನ್ನನ್ನು ಮತ್ತೆ ಬಡಿದು ಹೊರಗೆ ತೆಗೆದೆ. ಚೈನು ಏರಿಯ ಮೇಲೆ ಬಿಚ್ಚಿಕೊಂಡು ಬಿತ್ತು. ಪಿನ್ನನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

"ಇದೇನ್ರಿ ಇದು?" ಅಂದ ಮಾಲೀಕ.

"ಈ ಪಿನ್ನು ದುರ್ಗದಾಗೆ ನನ್ನ ಶೆಡ್ಡಲ್ಲಿರ್ತೈತೆ. ಒಂದು ಡ್ರಮ್ಮು ತೊಂಬತ್ತರ ಎಣ್ಣೆ ಈ ಊರಿಗೆ ಬರ್ಬೇಕು. ಬಂದ ಮೇಲೆ ಇದನ್ನ ಡ್ರೈವರ್ ಕೈಗೆ ಕೊಡ್ತೀನಿ. ನಿಮ್ಮ ಕೈಗಲ್ಲ, ಇನ್ನೊಬ್ಬ ಡ್ರೈವರ್ ಕೈಗೂ ಅಲ್ಲ."

"ಬೇರೆ ಪಿನ್ ಮಾಡಿಸ್ಕಂತೀನಿ."

"ಮಾಡಿಸ್ರಿ. ಯಾವ ಲೇತಿನವನು ಮಾಡಿಕೊಡ್ತಾನೆ ನೋಡಾಣ."

ಮೆಂಬರಮ್ಮ ಸೆರಗು ಸಿಗಿಸಿಕೊಂಡು ಮುಂದೆ ಬಂದಳು. "ಎಣ್ಣೆ ಡ್ರಮ್ಮು ನಮ್ಮನೆ ಹತ್ರಾನೇ ಇಳಿಸ್ರಿ ಸಾವ್ಕಾರ್ರೆ, ಜೋಪಾನ ಮಾಡ್ತೀವಿ" ಅಂದಳು. ಮಾಲೀಕ ಕಾರು ಹತ್ತಿದ. ಹಾರ ಡೋಜರಿನ ಮೇಲೇ ಬಾಡಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಡ್ರೈವರು ಬಸ್ಸಿಳಿದು ಶೆಡ್ಡಿಗೆ ಬಂದ. ಎಣ್ಣೆ ಬಂದಿದೆ, ಕೆಲಸಕ್ಕೂ ಬರಹೇಳಿದ್ದಾರೆ ಎಂದ. ಆ ಹೊತ್ತಿಗೆ ನಾನೊಬ್ಬನೇ ಇದ್ದೆ. ಪಿನ್ನಿಗೆ ಗ್ರೀಸು ಹಚ್ಚಿ ಬಟ್ಟೆ ಸುತ್ತಿ ಇಟ್ಟಿದ್ದೆ, ತೆಗೆದುಕೊಟ್ಟೆ. "ಕುಂತ್ಕಳ್ರಿ ಅಣ್ಣ, ಚಹಾ ತರಿಸ್ತೀನಿ" ಅಂದೆ.

"ಬ್ಯಾಡ" ಅಂದ. ಪಿನ್ನನ್ನು ಟವಲಿನಲ್ಲಿ ಸುತ್ತಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಮೇಸ್ತ್ರಿ, ಅವತ್ತು ಕೆರೆ ಅಂಗಳದಾಗೆ ನನ್ ತಮ್ಮಗಳ ಮುಂದೆ, ಊರಿನ ಹೆಣ್ಮಕ್ಕಳ ಮುಂದೆ ಲೇ ಅಂದ್ರಿ. ಇಲ್ಲಿ ಯಾರೂ ಇಲ್ಲ, ಅಣ್ಣ ಅಂತೀರಿ."

ನನಗೆ ಸಿಟ್ಟು ಬಂತು. ಅಭ್ಯಾಸ ನೋಡಿ, ಬೇರೆ ಏನು ಬರಬೇಕೋ ಅದರ ಜಾಗದಲ್ಲೂ ನನಗೆ ಸಿಟ್ಟೇ ಬರುತ್ತದೆ. ಅಷ್ಟು ಕೆಲಸ ಮಾಡಿದೆನಲ್ಲ, ಪಿನ್ನು ಹಿಡಿದಿಟ್ಟೆನಲ್ಲ, ಇನ್ನೇನು ಬೇಕು ಇವನಿಗೆ ಅನ್ನಿಸಿತು. ಅವನು ಉತ್ತರಕ್ಕೆ ಕಾಯುತ್ತಿರಲಿಲ್ಲ. ಪಿನ್ನಿನ ಭಾರಕ್ಕೆ ಒಂದು ಭುಜ ಇಳಿಸಿಕೊಂಡು ರಸ್ತೆಯ ಕಡೆ ನಡೆದಿದ್ದ.

ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿದೆ. ಆಟೋ ಹೊರಗೆ ತೆಗೆದು ಅವನ ಪಕ್ಕಕ್ಕೆ ನಿಲ್ಲಿಸಿದೆ.

"ಹತ್ರಿ ಅಣ್ಣ. ಪಿನ್ನು ನಾನೇ ಬಡೀತೀನಿ" ಅಂದೆ. "ಏರಿ ಮ್ಯಾಲೆ ಜನ ಇರ್ತಾರೆ."

ಅವನು ಪಿನ್ನನ್ನು ಸೀಟಿನ ಮೇಲಿಟ್ಟು ಹಿಂದೆ ಇಣುಕಿದ.

"ಸಮ್ಮಟಿಗೆ ಹಾಕ್ಕಂಡಿಲ್ಲ ನೀವು" ಅಂದ. "ಬೀಗ ತೆಗೀರಿ."